ಮೀಸಲು ಬಿಟ್ಟ ಬಲಗಡೆ

ಕರಿಕಲ್ಲ ದೊಡ್ಡಿಯಲ್ಲಿ ಯಾರ ಹಲ್ಲೂ ಬೆಳ್ಳಗಿರಲಿಲ್ಲ. ಯಾರಿಗೂ ಅದರ ಚಿಂತೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಮಾತಾಡಿದವರೆಲ್ಲ ಆ ಜನವೇ ಹೋಗಿ ಡಾಕ್ಟರ ಕಾಲು ಹಿಡಿದು, ಹಲ್ಲು ಬಿಳಿ ಮಾಡಿಕೊಡಿ ಎಂದು ಅತ್ತಿದ್ದರೇನೋ ಅನ್ನುವ ಹಾಗೆ ಮಾತಾಡುತ್ತಾರೆ. ಯಾರೂ ಅತ್ತಿರಲಿಲ್ಲ. ಗಬ್ಬೂರಿನಿಂದ ಎರಡು ಮೈಲಿ ಒಳಗೆ ನಲವತ್ತು ಮನೆ, ಹೆಚ್ಚಿನವು ಕುರಿ ಕಾಯುವವರವು, ಎಲ್ಲರಿಗೂ ಒಂದೇ ಬಾವಿ. ಆ ನೀರಿನಲ್ಲಿ ಫ್ಲೋರೈಡು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂತೆಂದರೆ ಕಂದು ಪಟ್ಟೆ ಹೊತ್ತುಕೊಂಡೇ ಬರುತ್ತಿತ್ತು. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವರು ಬಾಯಿ ತೆರೆದರೆ ಸಾಕು, ಕಂಡಕ್ಟರ್ ಊರು ಕೇಳದೆ ಟಿಕೆಟ್ ಹರಿದು ಕೊಡುತ್ತಿದ್ದ. ಅದಕ್ಕೆ ಅವರೂ ನಗುತ್ತಿದ್ದರು, ಬಾಯಿ ತುಂಬ.

ನಾನು ಪಾರ್ವತೆಮ್ಮ. ಚಂದ್ರಬಂಡದ ಕೂಲಿಕಾರರ ಮಗಳು, ನಮ್ಮ ಮನೆಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲನೆಯವಳು. ಎಪ್ಪತ್ತೇಳರಿಂದ ಗಬ್ಬೂರಿನಲ್ಲಿ ನರ್ಸು. ಸುತ್ತಲಿನ ಊರು, ದೊಡ್ಡಿಗಳ ಹೆರಿಗೆ, ಸೂಜಿ, ಮಾತ್ರೆ ಎಲ್ಲ ನನ್ನ ಪಾಲಿನ ಕೆಲಸ. ಮೊದಮೊದಲು ದೊಡ್ಡಿಯವರಿಗೆ ನನ್ನ ಕೈಯ ಸೂಜಿ ಆಗುತ್ತಿತ್ತು, ನನ್ನ ಕೈಯ ನೀರು ಆಗುತ್ತಿರಲಿಲ್ಲ. ನಾನು ಸಿಟ್ಟು ನುಂಗಿಕೊಂಡು ಸೂಜಿ ಹಾಕುತ್ತಿದ್ದೆ. ಐದು ವರ್ಷದಲ್ಲಿ ಹದಿನೇಳು ಹೆರಿಗೆ ಮಾಡಿಸಿದ ಮೇಲೆ, ಒಂದು ದಿನ ಬೂದೆಮ್ಮ ತನ್ನ ಗಡಿಗೆಯಿಂದ ನನಗೆ ನೀರು ಕೊಟ್ಟು, ನನ್ನ ತಂಬಿಗೆಯಿಂದ ತಾನೂ ಕುಡಿದಳು. ನಾಲ್ಕು ಜನ ನೋಡುವ ಹಾಗೆ ಕುಡಿದಳು. ಹಾಗೆ ಬಂದ ನಂಬಿಕೆ ಅದು. ಅದನ್ನು ನಾನು ತೆಗೆದುಕೊಂಡು ಹೋಗಿ ಆ ಹಲ್ಲಿನ ಸಾಹೇಬನ ಕೈಯಲ್ಲಿ ಬಿಟ್ಟಿ ಇಟ್ಟೆನಲ್ಲ, ಅದೇ ನನ್ನ ಹೊಟ್ಟೆಯುರಿ.

ಎಂಬತ್ತೆರಡರ ಜೋಳದ ರಾಶಿ ಮುಗಿದಿತ್ತು. ದೊಡ್ಡಿಯ ಶಾಲೆಯ ಮುಂದೆ ಒಂದು ಬಿಳಿ ವ್ಯಾನು ಬಂದು ನಿಂತಿತು. ದೂರದ ಯಾವುದೋ ದಂತ ಕಾಲೇಜಿನ ದೊಡ್ಡ ಡಾಕ್ಟರು, ಅವರ ಜೊತೆಗೆ ಕ್ಯಾಮರಾದವನೊಬ್ಬ. ಕಬ್ಬಿಣದ ಕುರ್ಚಿ, ದೀಪ, ಬಾಟಲಿಗಳ ಪೆಟ್ಟಿಗೆ ಎಲ್ಲ ಇಳಿಸಿದರು. ಜನ ಡಾಕ್ಟರಿಗೆ ಆವತ್ತೇ ಹಲ್ಲಿನ ಸಾಹೇಬ ಎಂದು ಹೆಸರಿಟ್ಟರು. ಸಾಹೇಬ ನನ್ನನ್ನು ಕರೆಸಿದ.

"ನೋಡಿ ಸಿಸ್ಟರ್, ಇದು ಸಂಶೋಧನೆ," ಎಂದ. "ಒಂದೇ ಬಾಯಲ್ಲಿ ಎಡಗಡೆ ಔಷಧ ಹಚ್ಚಿ ಕಲೆ ತೆಗೀತೀವಿ. ಬಲಗಡೆ ಹಾಗೇ ಬಿಡ್ತೀವಿ. ಎರಡನ್ನೂ ಹೋಲಿಸಿ ನೋಡಬೇಕು. ಆರು ತಿಂಗಳಾದ ಮೇಲೆ ಬಂದು ಬಲಗಡೆಯೂ ಮಾಡಿಕೊಡ್ತೀವಿ. ಅಲ್ಲೀವರೆಗೂ ಬಲಗಡೆ ಯಾರೂ ಏನೂ ಮುಟ್ಟಬಾರದು. ಇವರಿಗೆ ನಿಮ್ಮ ಮಾತಲ್ಲಿ ತಿಳಿಸಿ ಹೇಳಿ."

ನಾನು ಹೇಳಿದೆ. ಯಾರಿಗೂ ತಲೆಗೆ ಹೋಗಲಿಲ್ಲ. ಬೂದೆಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. "ಅರ್ಧ ಬಾಯಿಗೆ ಯಾಕ್ರೀ ಅಕ್ಕೋರೆ? ಕುರಿ ತುಪ್ಪಟ ಕತ್ರಿಸೋ ಮುಂದ ಅರ್ಧ ಮೈ ಕತ್ರಿಸಿ ಅರ್ಧ ಬಿಡ್ತೀವೇನ್ರಿ? ಮಂದಿ ನಗಂಗಿಲ್ಲೇನು?"

ಎಲ್ಲರೂ ನಕ್ಕರು. ಸಾಹೇಬ ಗಡಿಯಾರ ನೋಡಿಕೊಂಡ. ನನಗೆ ಅವಸರವಾಯಿತು, ಜೊತೆಗೆ ದೊಡ್ಡ ಡಾಕ್ಟರ ಮುಂದೆ ನನ್ನ ಜಾಣತನ ತೋರಿಸುವ ಹುಕಿ. ಕುರಿಯ ಮಾತು ಬಂತಲ್ಲ, ಅದನ್ನೇ ಹಿಡಿದೆ.

"ಬೂದೆಮ್ಮಕ್ಕ, ನೀವು ದ್ಯಾವ್ರಿಗೆ ಟಗರ ಮೀಸಲ ಬಿಡ್ತೀರಲ್ಲ, ಹಂಗ ತಿಳಕೊಳ್ರಿ," ಎಂದೆ. "ಎಡಗಡಿ ಹಲ್ಲು ಔಷಧಕ್ಕ. ಬಲಗಡಿ ಹಲ್ಲು ಸಾಹೇಬ್ರು ತಿರಗಿ ಬರೋತನ ಮೀಸಲ."

ಆ ಜನಕ್ಕೆ ಮೀಸಲು ಎಂದರೆ ಏನೆಂದು ನನಗೆ ಗೊತ್ತಿತ್ತು. ಹರಕೆ ಹೊತ್ತ ಟಗರಿನ ಕಿವಿಗೆ ಗುರುತು ಮಾಡಿಬಿಟ್ಟರೆ ಮುಗಿಯಿತು. ಅದಕ್ಕೆ ಕತ್ತರಿ ತಾಗಿಸುವುದಿಲ್ಲ, ಕೋಲು ಎತ್ತುವುದಿಲ್ಲ, ಮಾರುವುದಿಲ್ಲ. ಹರಕೆ ಹೊತ್ತವನೇ ಬಂದು ಬಿಡಿಸುವತನಕ ಅದು ಹಿಂಡಿನಲ್ಲಿದ್ದರೂ ಹಿಂಡಿನದಲ್ಲ. ನಾನು ಹಾಗೆಂದ ಕೂಡಲೇ ಮುದುಕರು ಗೋಣು ಹಾಕಿದರು. "ಹಾಂ, ಹಂಗನ್ರಿ ಮತ್ತ," ಎಂದು ಬೂದೆಮ್ಮ ಒಪ್ಪಿದಳು. ಸಾಹೇಬ, "ಭೇಷ್ ಸಿಸ್ಟರ್, ಏನು ಹೇಳಿದಿರೋ ಗೊತ್ತಾಗಲಿಲ್ಲ, ಕೆಲಸ ಆಯ್ತು," ಎಂದು ನಕ್ಕ. ನಾನು ಉಬ್ಬಿಹೋದೆ. ಇಂಗ್ಲಿಷಿನಲ್ಲಿ ಬರೆದ ಕಾಗದದ ಮೇಲೆ ಮೂವತ್ತಾರು ಜನರ ಹೆಬ್ಬೆಟ್ಟನ್ನು ನಾನೇ ಹಿಡಿದು ಹಿಡಿದು ಒತ್ತಿಸಿದೆ. ಥೂ ನನ್ನ ಜಾಣತನಕ್ಕೆ.

ಬೂದೆಮ್ಮನ ಮಗಳು ಕರೆಮ್ಮನಿಗೆ ಆಗ ಹದಿನಾರು. ದೊಡ್ಡಿಯಲ್ಲಿ ಮದುವೆಯಿರಲಿ, ತೊಟ್ಟಿಲಿರಲಿ, ಸೋಬಾನೆ ಪದ ಎತ್ತುವವಳು ಅವಳೇ. ಅವಳು ಮೊದಲ ಸಾಲು ಎತ್ತಿದರೆ ಉಳಿದ ಹೆಂಗಸರು ಹಿಂದೆ ಹಾಡುವರು. ಮೂರು ದಿನ ಅವಳು ಆ ಕುರ್ಚಿಯಲ್ಲಿ ಕೂತಳು. ತುಟಿಗೆ ವ್ಯಾಸಲಿನ್ ಬಳಿದು, ರಬ್ಬರಿನ ಹಾಳೆ ಸಿಕ್ಕಿಸಿ, ಆ್ಯಸಿಡ್ಡಿನಲ್ಲಿ ಅದ್ದಿದ ಹತ್ತಿಯಿಂದ ಎಡಗಡೆಯ ಹಲ್ಲುಗಳನ್ನು ಅರ್ಧರ್ಧ ತಾಸು ತಿಕ್ಕಿದರು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಹುಡುಗಿ ಅಲುಗಾಡಲಿಲ್ಲ. ಮೂರನೆಯ ದಿನ ಕನ್ನಡಿ ಕೊಟ್ಟಾಗ ತುಟಿ ಒಂದು ಕಡೆಗೆ ಎಳೆದು ನೋಡಿಕೊಂಡಳು.

"ಯವ್ವಾ, ಇದು ಯಾರ ಬಾಯಿ ಬೇ?" ಎಂದು ಕಿಲಕಿಲ ನಕ್ಕಳು.

ಸಾಹೇಬ ಹೋಗುವ ಮುಂಚೆ ಅವಳ ತಲೆ ಸವರಿ, "ಬಲಗಡೆ ಹುಷಾರು. ಏನೂ ಮುಟ್ಟಬಾರದು. ನಾನೇ ಬಂದು ಮಾಡ್ತೀನಿ," ಎಂದ. ಅವಳು ಕೈ ಮುಗಿದಳು.

ಆರು ತಿಂಗಳಿಗೆ ಕ್ಯಾಮರಾದವನೊಬ್ಬನೇ ಬಂದ. ಮೂವತ್ತಾರು ಬಾಯಿ ತೆರೆಸಿ, ಕೊಕ್ಕೆಯಿಂದ ತುಟಿ ಎಳೆದು ಫೋಟೋ ಹೊಡೆದ. ಒಸಡಿಗೆ ತಂತಿ ಚುಚ್ಚಿ ಚುಚ್ಚಿ ಅದೇನೋ ಅಂಕಿ ಬರೆದುಕೊಂಡ.

"ಸಾಹೇಬ್ರು ಎಲ್ಲಿ?" ಎಂದೆ.

"ಬರ್ತಾರೆ. ಬಲಗಡೆ ಯಾರೂ ಏನೂ ಮಾಡಿಲ್ಲ ತಾನೆ?"

"ಮುಟ್ಟಿಲ್ರೀ," ಎಂದು ಬೂದೆಮ್ಮ ಹಿಂದಿನಿಂದ ಹೇಳಿದಳು. ಅವಳ ದನಿಯಲ್ಲಿ ಎಂಥ ಹೆಮ್ಮೆ ಇತ್ತು! ನನಗೆ ಆಗಲೂ ಹೊಳೆಯಲಿಲ್ಲ. ವರ್ಷಕ್ಕೆ ಅವನೇ ಮತ್ತೆ ಬಂದು, ಅದೇ ಮಾತು ಕೇಳಿ, ಅದೇ ಉತ್ತರ ತೆಗೆದುಕೊಂಡು ಹೋದ.

ಆ ಬೇಸಿಗೆ ಮಾನ್ವಿಯಲ್ಲಿ ಕರೆಮ್ಮನ ಸೋದರಮಾವನ ಮನೆ ಮದುವೆ. ನಾನೂ ಹೋಗಿದ್ದೆ. ಅರಿಷಿಣ ಹಚ್ಚುವಾಗ ಎಲ್ಲರೂ ಕರೆಮ್ಮನನ್ನು ಮುಂದೆ ಕೂಡಿಸಿದರು. ಅವಳು ಪದ ಎತ್ತಿದಳು. ಎರಡನೆಯ ಸಾಲಿಗೆ ಬೀಗರ ಕಡೆಯ ಹೆಂಗಸರು ಹಾಡುವುದು ಬಿಟ್ಟು ಅವಳ ಬಾಯಿಯನ್ನೇ ನೋಡತೊಡಗಿದರು. ಒಬ್ಬಳು ಕೇಳಿಯೇಬಿಟ್ಟಳು. "ಏನ್ ಹುಡುಗಿ, ಅರ್ಧ ಬಾಯಿ ಯಾರ ಹತ್ರ ಕಡಾ ತಂದೀ?" ಚಪ್ಪರವೆಲ್ಲ ಘೊಳ್ಳೆಂದಿತು. ಪೂರ್ತಿ ಕಂದು ಇದ್ದಿದ್ದರೆ ಯಾವ ಮುಂಡೇರೂ ತುಟಿ ಎರಡು ಮಾಡುತ್ತಿರಲಿಲ್ಲ. ಕರೆಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಪದ ಅರ್ಧಕ್ಕೇ ನಿಂತಿತು. ಅಲ್ಲಿಂದ ಮುಂದೆ ಅವಳು ಹಾಡಲಿಲ್ಲ, ಸೆರಗೂ ಕೆಳಗೆ ಇಳಿಯಲಿಲ್ಲ.

ಶ್ರಾವಣದಲ್ಲಿ ಅವಳಿಗೆ ಬಲಗೆನ್ನೆ ಊದಿ ಜ್ವರ ಬಂದಿದೆ ಎಂದು ಸುದ್ದಿ ಬಂತು. ಹೋದೆ.

"ಬಾಯಿ ತೆಗಿ."

"ಬ್ಯಾಡ್ರಿ ಅಕ್ಕೋರೆ."

"ತೆಗಿ ಅಂದ್ನಿ!"

ತೆರೆದಳು. ವಾಸನೆಗೆ ನಾನು, ಹೆರಿಗೆ ಮಾಡಿಸುವ ನಾನು, ಮುಖ ಹೊರಳಿಸಿದೆ. ಎಡಗಡೆ ಬೆಳ್ಳಗೆ ಹೊಳೆಯುತ್ತಿತ್ತು. ಬಲಗಡೆ ಹಲ್ಲುಗಳ ಬುಡಕ್ಕೆ ಹಳದಿ ಕಿಟ್ಟ ಕಟ್ಟಿ ಕಲ್ಲಾಗಿತ್ತು. ಒಸಡು ಊದಿ ಕೆಂಪಗೆ ತೂಗುತ್ತಿತ್ತು, ಹತ್ತಿ ತಾಗಿಸಿದರೆ ರಕ್ತ. ಹಿಂದಿನ ದವಡೆಹಲ್ಲು ಕೊಳೆತು ಬುಡದಲ್ಲಿ ಕೀವು ತುಂಬಿತ್ತು.

"ಹಲ್ಲು ಉಜ್ಜೋದು ಬಿಟ್ಟೀಯೇನs?" ಎಂದು ಚೀರಿದೆ.

"ಎಡಕ ದಿನಾ ಉಜ್ತೀನ್ರಿ," ಎಂದಳು. "ಬಲಕ ಉಜ್ಜಿಲ್ರಿ."

"ಯಾಕ?"

ಹುಡುಗಿ ನನ್ನ ಮುಖ ನೋಡಿದಳು, ನಾನೇ ಹುಚ್ಚಿ ಎಂಬಂತೆ. "ಮೀಸಲ ಅಲ್ರೀ ಅದು? ನೀವs ಹೇಳಿದ್ರಿ."

ಬೂದೆಮ್ಮ ಬಾಗಿಲಲ್ಲಿ ನಿಂತು ಲೆಕ್ಕ ತಪ್ಪದ ಹಾಗೆ ಒಪ್ಪಿಸಿದಳು. "ಒಂದ್ ದಿನ ತಪ್ಪಿಲ್ರಿ. ಬೇವಿನ ಕಡ್ಡಿ ಮುಟ್ಸಿಲ್ಲ, ಕುಳ್ಳಿನ ಬೂದಿ ಹಚ್ಚಿಲ್ಲ. ರೊಟ್ಟಿ ಸುದ್ದಾ ಆ ಕಡಿ ಅಗದಿಲ್ಲ. ಸಾಹೇಬ್ರ ಮಾತು, ನಿಮ್ಮ ಮಾತು, ಎರಡೂ ನಡಸೀವ್ರಿ."

ನಾನು ಅಲ್ಲಿಂದಲೇ ಮನೆ ಮನೆಗೆ ಹೋಗಿ ಬಾಯಿ ತೆರೆಸಿದೆ. ಮೂವತ್ತಾರರಲ್ಲಿ ಇಪ್ಪತ್ತೊಂಬತ್ತು ಬಾಯಿ ಹಾಗೇ ಇದ್ದವು. ಮುದುಕ ಹನುಮಂತ್ರಾಯನ ಬಲಗಡೆ ಎರಡು ಹಲ್ಲು ಬೆರಳು ತಾಗಿಸಿದರೆ ಆಡುತ್ತಿದ್ದವು. ಅವನೂ ಹೆಮ್ಮೆಯಿಂದಲೇ ತೋರಿಸಿದ. ನನ್ನ ಒಂದು ಮಾತಿಗೆ ಈ ಜನ ಹದಿನೇಳು ತಿಂಗಳು ಅರ್ಧ ಬಾಯಿಯಲ್ಲಿ ಉಂಡಿದ್ದರು.

ಕರೆಮ್ಮನಿಗೆ ಪೆನ್ಸಿಲಿನ್ ಹಾಕಿ, "ಇನ್ನ ಮೀಸಲ ಇಲ್ಲ, ಏನೂ ಇಲ್ಲ, ಉಜ್ಜಿರಿ," ಎಂದು ಕೂಗಿದೆ. ಬೂದೆಮ್ಮ ಒಪ್ಪಲಿಲ್ಲ.

"ಮೀಸಲ ಬಿಟ್ಟಾವ್ರ ಬಾಯಿಂದs ಬಿಡುಗಡಿ ಬರಬೇಕ್ರಿ. ನೀವು ಹೇಳಿದಾಕಿ, ಬಿಟ್ಟಾಕಿ ಅಲ್ಲ. ನಮ್ಮ ಮಾವ ಒಮ್ಮಿ ಮೀಸಲ ಟಗರಿನ ತುಪ್ಪಟ ಕತ್ರಿಸಿದ. ಆ ವರ್ಷ ಅರ್ಧ ಹಿಂಡ ಸತ್ತಿತು, ಹಿಂದಿಂದ ಅವನೂ ಹ್ವಾದ. ಸಾಹೇಬ್ರು ಬಂದು ಒಂದ್ ಮಾತು ಅನ್ಲಿ, ಅವತ್ತs ಉಜ್ತಾಳ."

ಹೊಡೆದರೂ ಅವರು ಕದಲುವವರಲ್ಲ. ಹಾಗಾಗಿ ನನಗೆ ಬೇಕಾದದ್ದು ಒಂದೇ ಮಾತು, ಸಾಹೇಬನ ಬಾಯಿಂದ. ಉಜ್ಜಿಕೋ ಎಂಬ ಒಂದು ಮಾತು. ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಪೆನ್ಸಿಲಿನ್‌ಗೆ ಇಳಿದ ಬಾವು ತಿಂಗಳು ಬಿಟ್ಟು ಮತ್ತೆ ಬಂತು. ಬಲಗಡೆ ಬೇರೆಯವರ ಕೈ ತಾಗಬಾರದೆಂದು ಬೂದೆಮ್ಮ ಆ ಹಲ್ಲು ಕೀಳಿಸಲೂ ಬಿಡಲಿಲ್ಲ.

ನನ್ನ ಗೆಳತಿ ಉಮ್ಮೇ ಕುಲ್ಸುಮ್ ರಾಯಚೂರಿನ ಆಸ್ಪತ್ರೆಯಲ್ಲಿ ಹಲ್ಲಿನ ವಿಭಾಗದ ಸಿಸ್ಟರ್. ಅವಳಿಗೂ ಎಲ್ಲ ಬರೆದಿದ್ದೆ. ಡಿಸೆಂಬರಿನಲ್ಲಿ ಅವಳಿಂದ ಚೀಟಿ ಬಂತು: ನಿನ್ನ ಸಾಹೇಬ ಬರುವ ಐತವಾರ ಇಲ್ಲಿ ಡಾಕ್ಟರರ ಸಭೆಯಲ್ಲಿ ಭಾಷಣ ಮಾಡುತ್ತಾನೆ, ಹುಡುಗಿಯನ್ನು ಕರೆದುಕೊಂಡು ಬಾ.

ಐತವಾರ ಮುಂಜಾನೆಯ ಬಸ್ಸಿಗೆ ಕರೆಮ್ಮನನ್ನು ಹತ್ತಿಸಿಕೊಂಡು ಹೋದೆ. ಸ್ಟೇಷನ್ ರಸ್ತೆಯ ಸಭಾಂಗಣ. ಅಂಗಳದಲ್ಲಿ ಒಂದು ಬೇವಿನ ಮರ, ಒಳಗೆ ಕಿಟಕಿಗಳಿಗೆಲ್ಲ ಪರದೆ. ಕುಲ್ಸುಮ್ ನಮ್ಮನ್ನು ಹಿಂದಿನ ಸಾಲಿನಲ್ಲಿ ಕೂಡಿಸಿ ತಾನೂ ಪಕ್ಕಕ್ಕೆ ಕೂತಳು. ಸಾಹೇಬ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ದೀಪ ಆರಿಸಿದರು, ಗೋಡೆಯ ಮೇಲೆ ಒಂದು ಬಾಯಿಯ ಚಿತ್ರ ಬಿತ್ತು, ಗೋಡೆಯಷ್ಟೇ ದೊಡ್ಡದು. ಕೊಕ್ಕೆಗಳು ತುಟಿಯನ್ನು ನಾಲ್ಕೂ ಕಡೆ ಎಳೆದಿದ್ದವು. ಕಣ್ಣಿಲ್ಲ, ಮೂಗಿಲ್ಲ, ಹೆಸರಿಲ್ಲ, ಕೆಳಗೆ ಹನ್ನೊಂದು ಎಂಬ ನಂಬರು.

ಕರೆಮ್ಮ ನನ್ನ ಮೊಣಕೈ ಹಿಂಡಿದಳು. "ಅಕ್ಕೋರೆ, ಅದು ನನ್ನ ಬಾಯಿ ಅಲ್ರೀ?"

ಅವಳದೇ. ಸಾಹೇಬ ಕೋಲಿನಿಂದ ಬಲಗಡೆಯ ಒಸಡು ತೋರಿಸಿ ಏನೋ ಹೇಳಿದ, ಸಭೆಯಲ್ಲಿ ಎಲ್ಲರೂ ಮುಂದೆ ಬಾಗಿದರು. "ಏನಂತಾನ?" ಎಂದು ಕುಲ್ಸುಮ್‌ಳನ್ನು ತಿವಿದೆ.

"ಔಷಧ ಹಚ್ಚಿದ ಕಡಿ ಕಲೆ ಹೋಗಿದ್ದಲ್ದs ಒಸಡೂ ಭಾಳ ಚಲೋ ಆಗ್ಯಾವ ಅಂತಾನ," ಎಂದು ಪಿಸುಗುಟ್ಟಿದಳು. "ಹಚ್ಚದ ಕಡಿ ಒಸಡಿನ ರೋಗ ಮೂರು ಪಟ್ಟು ಜಾಸ್ತಿ ಅಂತ. ಇದು ಅವನು ಎಣಿಸದಿದ್ದ ಹೊಸ ಶೋಧ ಅಂತ. ಈ ಔಷಧ ಒಸಡನ್ನೂ ಕಾಯ್ತದ ಅಂತಾನ ಪಾರ್ವತೆಮ್ಮಾ."

ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಕೇಳಿ ನನ್ನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ಎದ್ದು ನಿಂತೆ.

"ಔಷಧ ಅಲ್ರೀ ಸಾಹೇಬ್ರ!" ಎಂದೆ. "ಆ ಮಂದಿ ಬಲಗಡಿ ಹಲ್ಲು ಉಜ್ಜಿಲ್ಲ. ಇಪ್ಪತ್ತೊಂದು ತಿಂಗಳಾತು, ಉಜ್ಜಿಲ್ಲ, ಅಗದಿಲ್ಲ. ನೀವು ಮುಟ್ಟಬ್ಯಾಡ್ರಿ ಅಂದು ಹೋದ್ರಿ, ಅವರು ಮುಟ್ಟಿಲ್ಲ! ಅದನ್ನ ಔಷಧದ ಗುಣ ಅಂತ ಹೇಳಾಕತ್ತೀರಲ್ಲ, ನಾಚಿಗಿ ಬರಂಗಿಲ್ಲೇನ್ರಿ?"

ಯಾರೋ ನಕ್ಕರು. ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿ, "ಸಿಸ್ಟರ್, ಪ್ರಶ್ನೆಗಳು ಆಮೇಲೆ. ಈಗ ಚಹಾ," ಎಂದರು. ದೀಪ ಹತ್ತಿದವು. ಕಪ್ಪು ಬಸಿಗಳ ಸದ್ದು ಶುರುವಾಯಿತು.

ಸಾಹೇಬ ನಮ್ಮನ್ನು ಹೊರಗಿನ ಪಡಸಾಲೆಗೆ ಕರೆದೊಯ್ದ. ಕ್ಯಾಮರಾದವನೂ ಬಂದ. ಸಾಹೇಬನ ಮುಖ ಕೆಂಪಾಗಿತ್ತು.

"ಹಲ್ಲು ಉಜ್ಜಬೇಡಿ ಅಂತ ನಾನು ಹೇಳಿದ್ನಾ? ಅವರಿಗೆ ತಿಳಿಸಿ ಹೇಳಿದ್ದು ಯಾರು?"

"ನಾನs ಹೇಳಿದ್ನಿ," ಎಂದೆ. "ತಪ್ಪು ನಂದೂ ಅದ. ಅದನ್ನ ಹೊತ್ಕೊಂಡs ಬಂದೀನಿ. ಆದ್ರ ಆರ್ ತಿಂಗಳಿಗೆ ಬರ್ತೀನಿ ಅಂದಾವ್ರು ಯಾರು? ಎರಡ್ ಸಲ ಬಂದು ಬಾಯಾಗ ತಂತಿ ಚುಚ್ಚಿ ಬರಕೊಂಡು ಹೋದಾವ್ರಿಗೆ ಆ ಕಿಟ್ಟ ಕಾಣಲಿಲ್ಲೇನು? ಇರ್ಲಿ. ನನಗ ಜಗಳ ಬ್ಯಾಡ್ರಿ. ಈ ಹುಡುಗಿಗೆ ಒಂದ್ ಮಾತು ಹೇಳ್ರಿ, ಉಜ್ಜಿಕೋ ಅಂತ. ನೀವು ಹೇಳಿದ್ರ ಮೀಸಲ ಬಿಡ್ತದ. ಇಪ್ಪತ್ತೊಂಬತ್ತ್ ಮಂದಿ ಕಾಯಾಕತ್ತ್ಯಾರ."

ಮೀಸಲೆಂದರೆ ಏನೆಂದು ಬಿಡಿಸಿ ಹೇಳಿದೆ. ಕೈ ಮುಗಿದೆ. ಹೌದು, ಅವನಿಗೆ ಕೈ ಮುಗಿದೆ.

ಸಾಹೇಬ ಕರೆಮ್ಮನ ಸೆರಗು ಸರಿಸಿ, ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ದನಿ ಇಳಿಸಿದ.

"ಇಲ್ಲಿ ಕೇಳಿ ಸಿಸ್ಟರ್. ಜೂನ್‌ನಲ್ಲಿ ಬೊಂಬಾಯಿಯಲ್ಲಿ ದೊಡ್ಡ ಸಮ್ಮೇಳನ ಇದೆ. ನನಗೆ ಎರಡು ವರ್ಷ ದಾಟಿದ ಫೋಟೋ ಬೇಕು. ಇಷ್ಟು ದಿನ ಹೇಗೂ ಇದ್ದಾರೆ. ಇನ್ನೊಂದು ಆರು ತಿಂಗಳು ಹೀಗೇ ಇರಲಿ. ಈ ಮೀಸಲಿನ ವಿಷಯ ನೀವು ಯಾರ ಹತ್ರಾನೂ ಮಾತಾಡಬೇಡಿ. ಆಮೇಲೆ ಈ ಹುಡುಗಿಗೆ ನಾನೇ ಸ್ವತಃ ಬಲಗಡೆ ಮಾಡಿಕೊಡ್ತೀನಿ. ಮಾತು ಕೊಡ್ತೀನಿ." ಕ್ಯಾಮರಾದವನ ಕಡೆ ತಿರುಗಿ, "ಬಂದಿದ್ದಾಳೆ, ಇವತ್ತಿನದೂ ಒಂದು ತೊಗೋ," ಎಂದ.

ಗೊತ್ತಾದ ಮೇಲೂ! ಯಾಕೆ ಕೊಳೆಯಿತು ಎಂದು ತಿಳಿದ ಮೇಲೂ ಕೊಳೆಯಲಿ ಎನ್ನುತ್ತಿದ್ದಾನೆ. ನನ್ನ ಬಲಗೈ ತಾನಾಗಿಯೇ ಮೇಲೆದ್ದಿತ್ತು. ಹೊಡೆದೇಬಿಡುತ್ತಿದ್ದೆ, ನೌಕರಿ ಹೋದರೆ ಹೋಗಲಿ. ಆದರೆ ಕರೆಮ್ಮ ನನ್ನ ಪಕ್ಕದಲ್ಲಿರಲಿಲ್ಲ.

ಅವಳು ಮೆಟ್ಟಿಲಿಳಿದು ಅಂಗಳದ ಬೇವಿನ ಮರದ ಕೆಳಗೆ ನಿಂತಿದ್ದಳು. ಕೈಗೆಟುಕುವ ಒಂದು ಕಡ್ಡಿ ಮುರಿದು, ಎಲೆ ಸವರಿ ಒಗೆದು, ಎಡಗಡೆಯ ಹಲ್ಲಿನಲ್ಲಿ ತುದಿ ಜಗಿದಳು. ಅವರ ಮನೆಯ ಸತ್ತ ಕುರಿಗಳೆಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು, ಸತ್ತ ಅಜ್ಜನೂ. ಕಣ್ಣು ಮುಚ್ಚಿ ಕಡ್ಡಿಯನ್ನು ಬಲಗಡೆಗೆ ಒಯ್ದು ತಿಕ್ಕಿದಳು.

"ಏಯ್! ಅದನ್ನ ಮುಟ್ಟಬೇಡ!" ಎಂದು ಸಾಹೇಬ ಕೂಗಿ ಎರಡು ಮೆಟ್ಟಿಲು ಇಳಿದ. "ನಿಲ್ಲಿಸಿ ಅವಳನ್ನ, ಸಿಸ್ಟರ್!"

ನಾನು ಅಡ್ಡ ನಿಂತೆ. ಕರೆಮ್ಮ ತಿಕ್ಕುತ್ತಲೇ ಇದ್ದಳು. ರಕ್ತ ಗದ್ದದ ಮೇಲೆ ಇಳಿದು ಕುಪ್ಪಸದ ಮೇಲೆ ಬಿತ್ತು. ನೋವಿಗೆ ಕಣ್ಣಲ್ಲಿ ನೀರು ಬಂತು, ಕೈ ನಿಲ್ಲಲಿಲ್ಲ. ಸಾಕಷ್ಟು ತಿಕ್ಕಿದ ಮೇಲೆ ಮೆಟ್ಟಿಲ ಹತ್ತಿರ ಬಂದು, ಸಾಹೇಬನ ಬೂಟಿನ ಮುಂದೆಯೇ ಕೆಂಪಗೆ ಉಗುಳಿದಳು.

"ಹೇಳಿದ ದಿನಕ್ಕ ಬರದ ದೇವ್ರಿಗೆ ನಮ್ಮಲ್ಲಿ ಮೀಸಲ ಇಡಂಗಿಲ್ರಿ," ಎಂದಳು. "ಏನ್ ಆಗೂದದ ನನಗs ಆಗ್ಲಿ."

ಮಾನ್ವಿಯ ಮದುವೆಯ ನಂತರ ಅವಳು ಸೆರಗಿಲ್ಲದೆ ಮಾತಾಡಿದ್ದು ಅದೇ ಮೊದಲು. ಕ್ಯಾಮರಾದವನ ಕಡೆ ತಿರುಗಿ, ಬಿಳಿಯದು, ಕಂದು, ಕೆಂಪು ಎಲ್ಲ ಕಾಣುವ ಹಾಗೆ ಬಾಯಿ ಅಗಲಿಸಿದಳು.

"ಈಗ ಹೊಡಕೊಳ್ರಿ ಪೋಟೋ."

ಅವನು ಸಾಹೇಬನ ಮುಖ ನೋಡಿದ. ಸಾಹೇಬ ಬೇಡವೆಂದು ತಲೆಯಲ್ಲಾಡಿಸಿದ.